‘ಕಾಲು ಮುರಿದುಕೊಂಡರು’ ಎನ್ನುವುದು ಸರಿಯೇ?

ಫುಟ್‌ಬಾಲ್ ವರದಿಗಳಲ್ಲಿ ಒಂದು ಕ್ರಿಯಾಪದ ನನ್ನನ್ನು ಪದೇ ಪದೇ ಚುಚ್ಚುತ್ತದೆ. ಎದುರಾಳಿಯ ಟ್ಯಾಕಲ್‌ಗೆ (ಚೆಂಡು ಕಸಿಯಲು ಕಾಲು ಹಾಕುವುದಕ್ಕೆ) ಸಿಕ್ಕಿ ಆಟಗಾರನ ಮೂಳೆ ಮುರಿದರೂ ‘ಕಾಲು ಮುರಿದುಕೊಂಡರು’ ಎಂದೇ ಬರೆಯುತ್ತಾರೆ. ಜಾರಿ ಬಿದ್ದವನ ಬಗ್ಗೆ ಹಾಗೆ ಹೇಳಿದರೆ ತಕರಾರಿಲ್ಲ. ಇನ್ನೊಬ್ಬನ ಬೂಟು ಬಡಿದು ಮುರಿದ ಕಾಲಿಗೂ ಅದೇ ಮಾತು ಹೊಂದುತ್ತದೆಯೇ?

2008ರ ಫೆಬ್ರುವರಿ 23ರಂದು ಬರ್ಮಿಂಗ್‌ಹ್ಯಾಮ್ ಸಿಟಿ ಎದುರಿನ ಪಂದ್ಯದ ಆರಂಭದಲ್ಲೇ ಇಂಗ್ಲೆಂಡ್‌ನ ಆರ್ಸೆನಲ್ ತಂಡದ ಎಡ್ವರ್ಡೊ ಅವರ ಎಡಗಾಲಿಗೆ ಮಾರ್ಟಿನ್ ಟೇಲರ್ ಅವರ ಬೂಟು ಬಡಿಯಿತು. ಮೂಳೆ ಮುರಿಯಿತು, ಪಾದದ ಕೀಲು ತಪ್ಪಿತು. ಟೇಲರ್‌ಗೆ ಕೆಂಪು ಕಾರ್ಡ್, ಮೂರು ಪಂದ್ಯಗಳ ನಿಷೇಧ; ಎಡ್ವರ್ಡೊಗೆ ಸುಮಾರು ಒಂದು ವರ್ಷ ಮೈದಾನವೇ ಇಲ್ಲ. ಇಂಥದ್ದನ್ನು ‘ಎಡ್ವರ್ಡೊ ಕಾಲು ಮುರಿದುಕೊಂಡರು’ ಎಂದು ಬರೆದರೆ ವಾಕ್ಯದಲ್ಲಿ ಟೇಲರ್ ಇರುವುದೇ ಇಲ್ಲ. ಪೆಟ್ಟು ತಿಂದವನೇ ಕರ್ತೃವಾಗಿ ನಿಲ್ಲುತ್ತಾನೆ. ಇದು ನನಗೆ ಅನ್ಯಾಯವಾಗಿ ಕಾಣುತ್ತದೆ.

‘ಕೊಳ್ಳು’ ಸೇರಿದ ಮಾತ್ರಕ್ಕೆ ತಾನೇ ಮಾಡಿಕೊಂಡದ್ದು ಎಂಬ ಅರ್ಥ ಬರಬೇಕಿಲ್ಲ, ‘ಮಗನನ್ನು ಕಳೆದುಕೊಂಡರು’ ಎನ್ನುವುದಿಲ್ಲವೇ ಎಂದು ಕೆಲವರು ಕೇಳಬಹುದು. ಒಪ್ಪುತ್ತೇನೆ. ಆದರೆ ‘ಕೈ ಸುಟ್ಟುಕೊಂಡ’, ‘ತಲೆ ಒಡೆದುಕೊಂಡ’ ಎಂದಾಗ ಅವನ ಕೈವಾಡವೂ ಸ್ವಲ್ಪ ಇತ್ತೆಂಬ ಧ್ವನಿ ನನಗಂತೂ ಕೇಳುತ್ತದೆ. ‘ಮುರಿದುಕೊಂಡ’ ಈ ಗುಂಪಿಗೇ ಸೇರಿದ್ದು.

ಹಾಗೆಂದು ಎಲ್ಲೆಡೆಯೂ ‘ಕಾಲು ಮುರಿದರು’ ಎಂದು ಎದುರಾಳಿಯ ತಲೆಗೆ ಕಟ್ಟುವಂತೆಯೂ ಇಲ್ಲ. 2019ರ ನವೆಂಬರ್‌ನಲ್ಲಿ ಎವರ್ಟನ್‌ನ ಆಂಡ್ರೆ ಗೋಮೆಸ್ ಅವರನ್ನು ಟಾಟನ್‌ಹ್ಯಾಮ್‌ನ ಸನ್ ಹ್ಯುಂಗ್ ಮಿನ್ ಹಿಂದಿನಿಂದ ಟ್ಯಾಕಲ್ ಮಾಡಿದರು. ಗೋಮೆಸ್ ಮುಗ್ಗರಿಸಿ ಮತ್ತೊಬ್ಬ ಆಟಗಾರನಿಗೆ ತಾಗಿ ಬಿದ್ದಾಗ ಪಾದದ ಕೀಲು ಮುರಿಯಿತು. ಸನ್‌ಗೆ ಕೊಟ್ಟ ಕೆಂಪು ಕಾರ್ಡ್ ಮೇಲ್ಮನವಿಯಲ್ಲಿ ರದ್ದಾಯಿತು. ಇಲ್ಲಿ ‘ಮುರಿಯಿತು’ ಎಂಬುದೇ ಪ್ರಾಮಾಣಿಕ ಮಾತು. ‘ಮುರಿ’ ಧಾತು ಸಕರ್ಮಕವೂ ಹೌದು, ಅಕರ್ಮಕವೂ ಹೌದು. ಎರಡು ರೂಪಗಳು ಕೈಯಲ್ಲೇ ಇರುವಾಗ ಮೂರನೆಯದಕ್ಕೆ ಏಕೆ ಜೋತುಬೀಳಬೇಕು?

ಇದಕ್ಕೆ ಅಂಟಿಕೊಂಡ ಇನ್ನೊಂದು ಪ್ರಶ್ನೆಯಿದೆ. ಫುಟ್‌ಬಾಲ್‌ನ 12ನೇ ನಿಯಮ ಇಂಥ ತಪ್ಪುಗಳನ್ನು ಮೂರು ಮೆಟ್ಟಿಲಲ್ಲಿ ಅಳೆಯುತ್ತದೆ. ಗಮನವಿಲ್ಲದೆ ಆಡಿದರೆ ಫೌಲ್ ಅಷ್ಟೆ. ಎದುರಾಳಿಗೆ ಆಗಬಹುದಾದ ಅಪಾಯವನ್ನು ಲೆಕ್ಕಿಸದಿದ್ದರೆ ಹಳದಿ ಕಾರ್ಡ್. ಬಲ ಮಿತಿಮೀರಿದರೆ ಕೆಂಪು ಕಾರ್ಡ್. ಬೇಕೆಂದೇ ಮಾಡಿದನೇ ಎಂಬುದು ಈ ಅಳತೆಯಲ್ಲಿ ಬರುವುದಿಲ್ಲ. ನಮ್ಮ ವರದಿಗಳಲ್ಲಿ ಮಾತ್ರ ಮೂರಕ್ಕೂ ‘ಒರಟು ಆಟ’ ಎಂಬ ಒಂದೇ ಹಣೆಪಟ್ಟಿ. ಮೊದಲನೆಯದಕ್ಕೆ ‘ಅಜಾಗರೂಕ’ ಸಾಕು, ಮೂರನೆಯದಕ್ಕೆ ‘ಮಿತಿಮೀರಿದ ಬಲ’ ಸ್ಪಷ್ಟವಾಗಿದೆ. ನಡುವಿನದೇ ತೊಡಕು. ‘ದುಡುಕಿನ’ ಎಂದರೆ ಅವಸರ ಮುಂದೆ ಬರುತ್ತದೆ, ಅಪಾಯದ ಅರಿವು ಹಿಂದೆ ಸರಿಯುತ್ತದೆ. ‘ಎಗ್ಗಿಲ್ಲದ’ ಎಂಬುದನ್ನು ಅಕ್ರಮ ದಂಧೆಯ ಸುದ್ದಿಗಳಲ್ಲೇ ಓದಿ ಓದಿ ಅದಕ್ಕೆ ನಾಚಿಕೆಗೇಡಿನ ಬಣ್ಣ ಬಂದಿದೆ. ‘ನಿರ್ಲಕ್ಷ್ಯದ’ ಎಂದರೆ ಮತ್ತೆ ಮೊದಲ ಮೆಟ್ಟಿಲಿಗೇ ಇಳಿಯುತ್ತೇವೆ.

ನನ್ನ ಒಲವು ‘ಹಿಂದುಮುಂದು ನೋಡದ ಟ್ಯಾಕಲ್’ ಕಡೆಗೆ. ಪರಿಣಾಮವನ್ನು ಲೆಕ್ಕಿಸಲಿಲ್ಲ ಎಂಬ ದೋಷಾರೋಪ ಅದರಲ್ಲಿದೆ, ಬೇಕೆಂದೇ ಮಾಡಿದ ಎಂಬ ಆರೋಪ ಇಲ್ಲ. ಆದರೆ ತಲೆಬರಹಕ್ಕೆ ಇದು ಉದ್ದವಾಯಿತು. ಇದೇ ಅರ್ಥ ಕೊಡುವ ಚಿಕ್ಕ ಗುಣವಾಚಕ ಯಾವುದಾದರೂ ಬಳಕೆಯಲ್ಲಿದೆಯೇ? ಕ್ರೀಡಾಪುಟಗಳಲ್ಲಿ ಕೆಲಸ ಮಾಡಿದವರು ‘ಮುರಿದುಕೊಂಡರು’ ಬಗ್ಗೆ ಏನು ಪಾಲಿಸುತ್ತಿದ್ದರು ಎಂಬುದನ್ನೂ ತಿಳಿಸಬೇಕೆಂದು ಕೋರುತ್ತೇನೆ.