ಗ್ರೂಪ್ ಕ್ಲಾಸಿಗೆ ಸೇರೋಣ ಅಂತಿದ್ದೇನೆ, ಅಲ್ಲಿ ಎಂಥೆಂಥ ಜನ ಇರ್ತಾರೆ?

ಪ್ರಶ್ನೆ:
ನನಗೆ 44 ವರ್ಷ, ಮೈಸೂರಿನಲ್ಲಿದ್ದೇನೆ. ಬರೀ ವಾಕಿಂಗ್ ಸಾಲದು, ಬೇರೆ ಏನಾದರೂ ಮಾಡಿ ಅಂತ ಡಾಕ್ಟರು ಹೇಳಿದ್ದಾರೆ. ಮನೆ ಹತ್ತಿರ ಬೆಳಿಗ್ಗೆ ಆರಕ್ಕೆ ಒಂದು ಕ್ಲಾಸಿದೆ, ಮೂರು ದಿನ ಜುಂಬಾ, ಮೂರು ದಿನ ಯೋಗ. ನಿನ್ನೆ ಹೋದೆ, ಬಾಗಿಲಲ್ಲಿ ಇಣುಕಿದೆ, ವಾಪಸ್ ಬಂದೆ. ಎಲ್ಲರೂ ಹುಟ್ಟಿದಾಗಿನಿಂದ ಕುಣಿಯುತ್ತಿರುವವರ ಹಾಗೆ ಕಂಡರು. ಸ್ಕೂಲಿನ ಡ್ರಿಲ್ ಬಿಟ್ಟರೆ ನಾನು ಕೈಕಾಲು ಆಡಿಸಿದ್ದೇ ಇಲ್ಲ. ಹೋಗಿ ಗೊತ್ತಿರುವವರು ಹೇಳಿ, ಅಲ್ಲಿ ಎಂಥ ಜನ ಸಿಗುತ್ತಾರೆ? ಯಾರ ಪಕ್ಕ ನಿಂತರೆ ಮರ್ಯಾದೆ ಉಳಿಯುತ್ತದೆ?

ಬೆಂಗಳೂರಿನಿಂದ, ಆರು ವರ್ಷದ ಹಳೆಯ ವಿದ್ಯಾರ್ಥಿನಿ:
ಅಕ್ಕ, ಮೊದಲ ಸಾಲಿನಲ್ಲಿ ಮಾತ್ರ ನಿಲ್ಲಬೇಡಿ. ಖಾಲಿ ಕಂಡರೂ ಅದು ಖಾಲಿ ಅಲ್ಲ. ಬಸ್ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕುತ್ತಾರಲ್ಲ, ಹಾಗೆ ಅಲ್ಲಿ ಒಬ್ಬೊಬ್ಬರ ನೀರಿನ ಬಾಟಲಿ ಜಾಗ ಹಿಡಿದು ಕೂತಿರುತ್ತದೆ. ನಾನು ಗೊತ್ತಿಲ್ಲದೆ ಒಬ್ಬ ಆಂಟಿ ಜಾಗದಲ್ಲಿ ನಿಂತೆ. ಅವರು ಒಂದು ಮಾತೂ ಆಡಲಿಲ್ಲ, ಸುಮ್ನೆ ನನ್ನ ಪಕ್ಕ ನಿಂತು ಒಂದೊಂದೇ ಇಂಚು ಸರಿಯುತ್ತಾ ಬಂದರು, ಎರಡನೇ ಹಾಡು ಮುಗಿಯುವಷ್ಟರಲ್ಲಿ ನಾನು ಗೋಡೆಗೆ ಅಂಟಿಕೊಂಡಿದ್ದೆ.

ಹಾಗಾದರೆ ಕೊನೆ ಸಾಲು ಅಂತೀರಾ? ಅದು ಹರಟೆ ಕಟ್ಟೆ. ಮನೆ ಕೆಲಸದವರು ರಜೆ ಹಾಕಿದ್ದು, ಮಗನ ಸಿಇಟಿ ರ‍್ಯಾಂಕು, ಎಲ್ಲಾ ಅಲ್ಲೇ. ಜನ ಒಳ್ಳೆಯವರೇ. ಆದರೆ ಜುಂಬಾದಲ್ಲಿ ಒಂದು ಮೋಸ ಇದೆ, ಮಧ್ಯೆ ಎಲ್ಲರೂ ಹಿಂದಕ್ಕೆ ತಿರುಗುತ್ತಾರೆ. ಆಗ ಕೊನೆ ಸಾಲೇ ಮೊದಲ ಸಾಲು! ನೋಡಿ ಮಾಡಲು ಎದುರಿಗೆ ಯಾರೂ ಇಲ್ಲ, ಬರೀ ಗೋಡೆ. ಆದ್ದರಿಂದ ನಡುವಿನ ಸಾಲು ಹಿಡಿಯಿರಿ, ಎತ್ತ ತಿರುಗಿದರೂ ಒಬ್ಬರ ಬೆನ್ನು ಕಾಣಬೇಕು.

ಯಾರ ಬೆನ್ನು ಅನ್ನೋದೂ ಮುಖ್ಯ. ಚೆನ್ನಾಗಿ ಕುಣಿಯುವವರದ್ದು ಬೇಡ. ನಮ್ಮಲ್ಲಿ ಅರವತ್ತು ದಾಟಿದ ಒಬ್ಬರಿದ್ದಾರೆ, ಚೂಡಿದಾರ್, ಮೇಲೆ ಸ್ವೆಟರ್, ತಲೆಗೆ ಕ್ಲಿಪ್ಪು. ಎಲ್ಲರೂ ಜಿಗಿದಾಗ ಅವರು ಪಕ್ಕಕ್ಕೆ ಒಂದು ಹೆಜ್ಜೆ ಇಡುತ್ತಾರೆ, ಅಷ್ಟೇ. ತಾಳ ಮಾತ್ರ ತಪ್ಪಲ್ಲ. ಯಾಕೆ ಅಂತ ಕೇಳಿದ್ದಕ್ಕೆ, "ಹಾಡು ಅವರದ್ದು, ಮಂಡಿ ನನ್ನದಮ್ಮ" ಅಂದರು. ನಾನು ಕಲಿತದ್ದೆಲ್ಲ ಅವರನ್ನು ನೋಡಿಯೇ. ಅಂಥವರು ಪ್ರತಿ ಕ್ಲಾಸಿನಲ್ಲೂ ಒಬ್ಬರಾದರೂ ಇರುತ್ತಾರೆ, ಹುಡುಕಿ.

ಮೈಸೂರಿನಿಂದ, ಯೋಗದ ಕಡೆಯವರು:
ಮೇಡಂ, ಯೋಗದ ದಿನ ಬೇರೆಯದೇ ಜನ. ಒಬ್ಬ ನಿವೃತ್ತ ಸರ್ ಕಾಲು ಗಂಟೆ ಮುಂಚೆ ಬಂದು ಜಮಖಾನೆ ಹಾಸುತ್ತಾರೆ, ಫ್ಯಾನ್ ಸ್ವಿಚ್ ಅವರ ಸ್ವಂತ ಆಸ್ತಿ. ಮಾಸ್ತರು "ಒಂದು" ಅನ್ನುವ ಮೊದಲೇ "ಎರಡು" ಅನ್ನುವವರು ಒಬ್ಬರು. ಶವಾಸನದಲ್ಲಿ ಗೊರಕೆ ಹೊಡೆಯುವವರು ಇಬ್ಬರಾದರೂ ಗ್ಯಾರಂಟಿ (ಅದರಲ್ಲಿ ಒಬ್ಬ ನಾನು). ರಥಸಪ್ತಮಿ ಬಂತೆಂದರೆ 108 ಸೂರ್ಯ ನಮಸ್ಕಾರ. ವರ್ಷವಿಡೀ ಮುಖ ತೋರಿಸದವರೂ ಅವತ್ತು ಬರುತ್ತಾರೆ, ಮಾರನೇ ದಿನ ಮೆಟ್ಟಿಲು ಇಳಿಯಲಾಗದೆ ಒದ್ದಾಡುತ್ತಾರೆ.

ನಿಮಗೆ ಎಲ್ಲರ ಜೊತೆ ಒಂದೇ ವೇಗದಲ್ಲಿ ಮಾಡುವುದೇ ಭಯ ಅಂತಾದರೆ, ನಿಮ್ಮ ಊರಿನಲ್ಲೇ ಅದಕ್ಕೆ ಮದ್ದಿದೆ. ಪಟ್ಟಾಭಿ ಜೋಯಿಸರು ಕಲಿಸಿದ ಅಷ್ಟಾಂಗ ಯೋಗದಲ್ಲಿ "ಮೈಸೂರು ಸ್ಟೈಲ್" ಅಂತಲೇ ಒಂದು ಪದ್ಧತಿ. ಕೋಣೆ ಒಂದೇ, ಆದರೆ ಒಬ್ಬೊಬ್ಬರೂ ತಮ್ಮ ಉಸಿರಿನ ಲೆಕ್ಕಕ್ಕೆ ತಾವು ಮಾಡುತ್ತಾರೆ, ಗುರುಗಳು ನಡುವೆ ಓಡಾಡಿ ತಿದ್ದುತ್ತಾರೆ. ಅದಕ್ಕೇ ಹೊರದೇಶದವರು ಗೋಕುಲಂಗೆ ಬಂದು ಮನೆ ಬಾಡಿಗೆ ಹಿಡಿಯುತ್ತಾರೆ. ನಾವು ಮಾತ್ರ ಪಕ್ಕದ ಬೀದಿಯಲ್ಲಿದ್ದೂ ಹೋಗಲ್ಲ! ಆದರೆ ಅದು ಕಷ್ಟದ ಅಭ್ಯಾಸ, ಮೊದಲ ದಿನಕ್ಕಲ್ಲ.

ಹೇಳಿಕೊಡುವವಳ ಕಡೆಯಿಂದ:
ಹತ್ತು ವರ್ಷದಿಂದ ಜುಂಬಾ ಹೇಳಿಕೊಡುತ್ತಿದ್ದೇನೆ. ಹೆಜ್ಜೆ ತಪ್ಪುವವರು ನಮಗೆ ತಲೆನೋವೇ ಅಲ್ಲ. ಜುಂಬಾ ಹುಟ್ಟಿದ್ದೇ ಮರೆವಿನಿಂದ. 1990ರ ದಶಕದಲ್ಲಿ ಕೊಲಂಬಿಯಾದ ಬೆಟೊ ಪೆರೆಜ್ ಏರೋಬಿಕ್ಸ್ ಕ್ಲಾಸಿಗೆ ಟೇಪ್ ತರೋದು ಮರೆತು, ತಮ್ಮ ಹತ್ತಿರ ಇದ್ದ ಸಾಲ್ಸಾ, ಮೆರೆಂಗೆ ಹಾಡು ಹಾಕಿ ಕುಣಿಸಿದರಂತೆ. ತಲೆನೋವು ಯಾರು ಅಂದರೆ ಬಾಯಿ ಬಿಡದವರು. ಬಿಪಿ ಇದೆ, ಬೆನ್ನು ನೋವಿದೆ ಅಂತ ಹೇಳಲ್ಲ, ತಲೆ ಸುತ್ತಿ ಕೂತ ಮೇಲೆ ಹೇಳುತ್ತಾರೆ. ದಯವಿಟ್ಟು ಮೊದಲ ದಿನವೇ ಹೇಳಿ. ಬಿಪಿ ಜಾಸ್ತಿ ಇದ್ದರೆ ಯೋಗದ ದಿನ ಕಪಾಲಭಾತಿ (ರಭಸವಾಗಿ ಉಸಿರು ಹೊರಹಾಕುವ ಅಭ್ಯಾಸ) ಮಾಡಬೇಡಿ ಅಂತಲೂ ಮಾಸ್ತರೇ ಹೇಳುತ್ತಾರೆ.

ಕುಣಿಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ಏದುಸಿರು ಸಾಕು. ವಾರಕ್ಕೆ 150 ನಿಮಿಷ ಅಂಥ ಕೆಲಸ, ಜೊತೆಗೆ ಎರಡು ದಿನ ಮಾಂಸಖಂಡಗಳಿಗೆ ಬಲ ಕೊಡುವ ವ್ಯಾಯಾಮ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮ್ಮ ಡಾಕ್ಟರು ಬರೀ ವಾಕಿಂಗ್ ಸಾಲದು ಅಂದಿದ್ದು ಈ ಎರಡನೆಯದಕ್ಕೇ ಇರಬೇಕು. ಕೇಳಿ ನೋಡಿ.

ಇನ್ನೊಬ್ಬರು, ಬೆನ್ನು ಹಿಡಿದುಕೊಂಡು:
ಬಿಟ್ಟಿ ಸಲಹೆ ಕೊಡುವವರ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ! ಪಕ್ಕದವನೊಬ್ಬ "ಇನ್ನೂ ಸ್ವಲ್ಪ ಬಗ್ಗಿ ಸರ್, ಆಗುತ್ತೆ, ಆಗುತ್ತೆ" ಅಂತ ಹುರಿದುಂಬಿಸಿದ. ಬಗ್ಗಿದೆ. ಎದ್ದೇಳಲು ಆಗಲಿಲ್ಲ. ಹನ್ನೆರಡು ದಿನ ಹಾಸಿಗೆ. ತಪ್ಪು ಅವನದ್ದಲ್ಲ, ಕೇಳಿದ ನನ್ನದೇ. ಹೇಳಿಕೊಡುವವರು ಬಿಟ್ಟು ಬೇರೆ ಯಾರು ಹೇಳಿದರೂ ನಕ್ಕು ತಲೆ ಆಡಿಸಿ, ಮಾಡಬೇಡಿ.

ಹುಬ್ಬಳ್ಳಿಯಿಂದ:
ರೀ ಅಕ್ಕಾರ, ಜನವರಿಯಲ್ಲಿ ಸೇರಬೇಡ್ರಿ. ಕಾಲಿಡೋಕೆ ಜಾಗ ಇರೂದಿಲ್ಲ. ಶಿವರಾತ್ರಿ ಕಳೀಲಿ, ಅರ್ಧ ಹಾಲ್ ಖಾಲಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್, ಓದಿ ಓದಿ ನಕ್ಕೆ. ಸೋಮವಾರ ಹೋಗುತ್ತೇನೆ, ನಡುವಿನ ಸಾಲು. ಇನ್ನೊಂದೇ ಪ್ರಶ್ನೆ, ಮ್ಯಾಟ್ ನಾನೇ ತಗೊಂಡು ಹೋಗಬೇಕಾ?

ಬೆಂಗಳೂರಿನಿಂದ:
ಹೌದು ಅಕ್ಕ. ನೀಲಿ ಮಾತ್ರ ಬೇಡ. ನಮ್ಮ ಕ್ಲಾಸಿನಲ್ಲಿ ಹನ್ನೊಂದು ನೀಲಿ ಮ್ಯಾಟ್ ಇವೆ, ನನ್ನದು ಯಾರ ಮನೆಯಲ್ಲಿದೆಯೋ ಇನ್ನೂ ಸಿಕ್ಕಿಲ್ಲ.