ಓಪನ್‌ಎಸ್‌ಎಸ್‌ಎಲ್ 3 ಪ್ರೊವೈಡರ್: ಹ್ಯಾಶ್ ಸರಿ ಬರ್ತದ, ಎಚ್‌ಮ್ಯಾಕ್ ಮಾತ್ರ ತಪ್ಪು

ಭೀಮಾತೀರ, ಕಲಬುರಗಿ

ಉಬುಂಟು 22.04, ಓಪನ್‌ಎಸ್‌ಎಸ್‌ಎಲ್ (ಗುಪ್ತಲಿಪಿ ಲೈಬ್ರರಿ) 3.0.2. 'ಭೀಮಾ' ಅಂತ ಪ್ರೊವೈಡರ್ (ಅದಕ್ಕ ಅಲ್ಗಾರಿದಮ್ ಕೊಡೋ ಮಾಡ್ಯೂಲ್) ಬರೆದೀನಿ, ಅದರಾಗ ಒಂದೇ ಡೈಜೆಸ್ಟ್ (ಹ್ಯಾಶ್ ಅಲ್ಗಾರಿದಮ್): 'ಭೀಮಾ-256'. ಹೋಲಿಸಿ ನೋಡ್ಲಿಕ್ಕೆ ಬರಲಿ ಅಂತ ಒಳಗ ಶಾ-256 ಲೆಕ್ಕನೇ ಇಟ್ಟೀನಿ. ಬರೇ ಹ್ಯಾಶ್ ತಗೊಂಡ್ರ ಡೀಫಾಲ್ಟ್ ಪ್ರೊವೈಡರಿನ ಶಾ-256ಕ್ಕ ಪೂರ್ತಿ ಹೊಂದ್ತದ. ಅದೇ ಡೈಜೆಸ್ಟ್ ಎಚ್‌ಮ್ಯಾಕಿಗೆ (ಗುಪ್ತ ಕೀ ಸೇರಿಸಿ ಹ್ಯಾಶ್ ಮಾಡೋ ಪದ್ಧತಿ) ಕೊಟ್ರ ಉತ್ತರ ಬ್ಯಾರೆ, ಎರರ್ ಇಲ್ಲ.

ಡೈಜೆಸ್ಟಿನ ಅಳತಿ ಹೇಳೋ ಗೆಟ್_ಪ್ಯಾರಮ್ಸ್ ಫಂಕ್ಷನ್ ಹಿಂಗದ: ಪ್ಯಾರಮ್ಸ್[0]ರ ಡೇಟಾನ ಇಂಟ್ ಪಾಯಿಂಟರ್ ಮಾಡಿ 32 (ಸೈಜ್, ಅಂದ್ರ ಉತ್ತರದ ಉದ್ದ), ಪ್ಯಾರಮ್ಸ್[1]ಕ್ಕ 64 (ಬ್ಲಾಕ್‌ಸೈಜ್, ಅಂದ್ರ ಒಮ್ಮೆಗೆ ತಗೊಳ್ಳೋ ತುಂಡಿನ ಉದ್ದ), ಆಮ್ಯಾಲ ರಿಟರ್ನ್ 1. ಕಂಪೈಲರ್ ಒಂದು ವಾರ್ನಿಂಗೂ ಕೊಡಂಗಿಲ್ಲ.

ಬಿದರಿ_ಬೈಟ್, ಬೀದರ್

ತಪ್ಪು ಆ ಎರಡು ಸಾಲಿನಾಗೇ ಅದ್ರಿ. ಒಎಸ್‌ಎಸ್‌ಎಲ್_ಪ್ಯಾರಮ್ ಪಟ್ಟಿನ ಕ್ರಮ ನೋಡಿ ತುಂಬಬಾರದು, ಕೀ (ಅದರ ಹೆಸರು) ನೋಡಿ ತುಂಬಬೇಕು. ಒಂದೊಂದರಾಗ ಐದು ಖಾನೆ: ಕೀ, ಡೇಟಾ_ಟೈಪ್, ಡೇಟಾ, ಡೇಟಾ_ಸೈಜ್, ರಿಟರ್ನ್_ಸೈಜ್. ಕೀ ನಲ್ ಇದ್ದಲ್ಲಿಗೆ ಪಟ್ಟಿ ಮುಗೀತು.

ಡೈಜೆಸ್ಟ್ ಫೆಚ್ ಆಗೋವಾಗ (ಹೆಸರಿನಿಂದ ಹುಡುಕಿ ತರೋವಾಗ) ಕೋರ್, ಅಂದ್ರ ಓಪನ್‌ಎಸ್‌ಎಸ್‌ಎಲ್‌ನ ಮುಖ್ಯ ಭಾಗ, ಮೊದಲು 'ಬ್ಲಾಕ್‌ಸೈಜ್' ಕೇಳ್ತದ, ಆಮ್ಯಾಲ 'ಸೈಜ್', ಅದರ ಹಿಂದ ಮತ್ತೆರಡು. ನಿಮ್ಮ ಕೋಡ್ ಅದನ್ನ ಉಲ್ಟಾ ಮಾಡ್ಯದ: ಬ್ಲಾಕ್ 32, ಸೈಜ್ 64. ಬರೇ ಹ್ಯಾಶಿಗೆ ಇದು ತಟ್ಟಂಗಿಲ್ಲ, ಯಾಕಂದ್ರ ಉದ್ದ ಎಷ್ಟು ಅನ್ನೋದು ನಿಮ್ಮ ಫೈನಲ್ ಫಂಕ್ಷನ್ ತುಂಬೋ ಉದ್ದದಿಂದ ಬರ್ತದ. ಎಚ್‌ಮ್ಯಾಕ್ ಹಂಗಲ್ಲ. ಅದು ಗುಪ್ತ ಕೀಗೆ ಸೊನ್ನೆ ತುಂಬಿ ಬ್ಲಾಕ್‌ಸೈಜ್‌ನಷ್ಟು ಉದ್ದ ಮಾಡಿ, ಹೆಕ್ಸ್ 36 ಮತ್ತು 5ಸಿ ಜೋಡಿ ಎಕ್ಸಾರ್ ಮಾಡ್ತದ. 64 ಬೈಟ್ ಹೋಗೋ ಕಡೆ 32 ಹೋದ್ರ ಲೆಕ್ಕನೇ ಬ್ಯಾರೆ. ನಿಮ್ಮ ಸಿ ಕೋಡಿನಿಂದ 32 ಬೈಟಿನ ಬಫರ್ ಕೊಟ್ಟು ಇವಿಪಿ_ಮ್ಯಾಕ್_ಫೈನಲ್ (ಎಚ್‌ಮ್ಯಾಕಿನ ಉತ್ತರ ಕೊಡೋ ಫಂಕ್ಷನ್) ಕರೀರಿ, ಸೈಜ್ 64 ಅಂತ ತಿಳಿದಿರೋದ್ರಿಂದ 'ಬಫರ್ ಟೂ ಸ್ಮಾಲ್' ಬರ್ತದ. ಆ ಎರರ್ ಮೊದಲೇ ಕಂಡಿದ್ರ ಇಷ್ಟು ಹುಡುಕೋದು ಇರ್ತಿರಲಿಲ್ಲ.

ಸರಿ ಮಾಡೋದು: ಒಎಸ್‌ಎಸ್‌ಎಲ್_ಪ್ಯಾರಮ್_ಲೊಕೇಟ್‌ನಿಂದ ಒಂದೊಂದು ಕೀ ಹುಡುಕ್ರಿ. ಸಿಕ್ರ ಒಎಸ್‌ಎಸ್‌ಎಲ್_ಪ್ಯಾರಮ್_ಸೆಟ್_ಸೈಜ್_ಟಿ ಕರೀರಿ, ಅದು ಸೋತಾಗ ಮಾತ್ರ 0 ತಿರುಗಿಸ್ರಿ. ಸಿಗಲಿಲ್ಲಂದ್ರ ಬಿಟ್ಟು ಮುಂದ ಹೋಗ್ರಿ. ನಿಮಗ ಗೊತ್ತಿಲ್ಲದ ಕೀ ಬಂತಂತ 0 ತಿರುಗಿಸಿದ್ರ ಫೆಚ್ಚೇ ಬೀಳ್ತದ.

ಇಂಟ್ ಪಾಯಿಂಟರ್ ಪೂರ್ತಿ ತೆಗೀರಿ. ಕೋರ್ ಕೊಟ್ಟಿದ್ದು 8 ಬೈಟಿನ ಸೈಜ್_ಟಿ, ನೀವು ಬರೆಯೋದು 4 ಬೈಟ್. ಉಳಿದ ಜಾಗದಾಗ ಮೊದಲೇ ಸೊನ್ನೆ ಇರೋದ್ರಿಂದ ಮತ್ತ ಇಂಟೆಲ್ ಯಂತ್ರ ಲಿಟಲ್ ಎಂಡಿಯನ್ (ಕೆಳಗಿನ ಬೈಟ್ ಮೊದಲು ಇಡೋದು) ಆಗಿರೋದ್ರಿಂದ ನಡದದ. ಎಸ್390ಎಕ್ಸ್ (ಐಬಿಎಂ ಮೇನ್‌ಫ್ರೇಮ್, ಅದರಾಗ ಕ್ರಮ ಉಲ್ಟಾ) ಮ್ಯಾಲ 64 ಹೋಗಿ ಮ್ಯಾಲಿನ ಅರ್ಧಕ್ಕ ಕೂಡ್ತದ, ಬೆಲೆ ಇಂಟ್‌ಮ್ಯಾಕ್ಸ್ (ಇಂಟಿನ ಗರಿಷ್ಠ ಬೆಲೆ) ದಾಟ್ತದ, ಫೆಚ್ ಸೋಲ್ತದ. ಇನ್ನೊಂದು: ಯಾರರೆ ಒಂದೇ ಕೀ ಕೇಳಿದ್ರ ಪ್ಯಾರಮ್ಸ್[1] ಅಂದ್ರ ಪಟ್ಟಿಯ ಕೊನೆ, ಅದರ ಡೇಟಾ ನಲ್. ಅಲ್ಲಿ ಬರೆದ್ರ ಸೆಗ್‌ಫಾಲ್ಟ್ (ತಪ್ಪು ಜಾಗ ಮುಟ್ಟಿ ಪ್ರೋಗ್ರಾಂ ಬೀಳೋದು).

ಕಂಪೈಲರ್ ಸುಮ್ನಿರೋದು ಸಹಜ. ಡೇಟಾ ವಾಯ್ಡ್ ಪಾಯಿಂಟರ್, ಒಎಸ್‌ಎಸ್‌ಎಲ್_ಡಿಸ್‌ಪ್ಯಾಚ್‌ನಾಗ (ಪ್ರೊವೈಡರ್ ಕೊಡೋ ಫಂಕ್ಷನ್ ಪಟ್ಟಿ) ಎಲ್ಲಾ ಫಂಕ್ಷನ್ ಕಾಸ್ಟ್ ಆಗಿ ಒಂದೇ ನಮೂನಿ ಕೂತಿರ್ತಾವ. ಡೇಟಾ ಬಗ್ಗೆ ಅದೇನೂ ಹೇಳಂಗಿಲ್ಲ, ಆದ್ರ ಫಂಕ್ಷನ್ ಸಹಿ ತಪ್ಪಿದ್ರ ಹಿಡೀಬಹುದು: ಕೋರ್_ಡಿಸ್‌ಪ್ಯಾಚ್ ಹೆಡರಿನಾಗ ಒಂದೊಂದು ಫಂಕ್ಷನ್ನಿಗೂ '_ಎಫ್‌ಎನ್' ಅಂತ ಮುಗಿಯೋ ಟೈಪ್ ಅದ, ಅದರಿಂದಲೇ ಮೊದಲು ಘೋಷಣೆ ಮಾಡ್ರಿ. ಇದನ್ನ ಬಿಟ್ಟು ಪ್ರೊವೈಡರ್ ಬರೆಯೋದು ಹುಂಬತನ. ಆ ಪಟ್ಟಿಯ ಐಡಿ ನಂಬರ್ ನಂಬಬ್ಯಾಡ್ರಿ, ಡೈಜೆಸ್ಟಿಗೂ ಮ್ಯಾಕಿಗೂ ನ್ಯೂ‌ಸಿಟಿಎಕ್ಸ್ (ಹೊಸ ಕಾಂಟೆಕ್ಸ್ಟ್ ಮಾಡೋ ಫಂಕ್ಷನ್) ನಂಬರ್ 1 ಅದ.

ಪರೀಕ್ಷೆಗೆ ಆರ್‌ಎಫ್‌ಸಿ 4231ರ (ಎಚ್‌ಮ್ಯಾಕ್ ಪರೀಕ್ಷೆಯ ಮಾದರಿ ಉತ್ತರ ಇರೋ ದಾಖಲೆ) ಮೊದಲನೇ ಕೇಸ್ ಸಾಕು: ಕೀ ಅಂದ್ರ ಹೆಕ್ಸ್ 0ಬಿ 20 ಸಲ, ಡೇಟಾ 'ಹಾಯ್ ದೇರ್' ಇಂಗ್ಲಿಷ್‌ನಾಗ, 8 ಬೈಟ್. ಕೊನೆಗೆ ನ್ಯೂಲೈನ್ ಬಂದ್ರ 9 ಆಗ್ತದ, ಅದಕ್ಕ ಎಕೋ ಬದಲಿ ಪ್ರಿಂಟ್‌ಎಫ್ ಬಳಸ್ರಿ. ಉತ್ತರ ಬಿ0 34 4ಸಿ 61 ಅಂತ ಶುರುವಾಗ್ಬೇಕು. ಕಮಾಂಡಿನಾಗ ಪ್ರೊವೈಡರ್-ಪಾತ್ ಮೊದಲು, ಆಮ್ಯಾಲ ಪ್ರೊವೈಡರ್ ಭೀಮಾ, ಜೋಡಿಗೆ ಪ್ರೊವೈಡರ್ ಡೀಫಾಲ್ಟ್. ಡೀಫಾಲ್ಟ್ ಬಿಟ್ರ ಎಚ್‌ಮ್ಯಾಕೇ ಸಿಗಂಗಿಲ್ಲ, 'ಅನ್‌ಸಪೋರ್ಟೆಡ್' ಅಂತದ.

ಭೀಮಾತೀರ, ಕಲಬುರಗಿ

ಬಿ0 34 4ಸಿ 61 ಬಂತ್ರಿ. '_ಎಫ್‌ಎನ್' ಟೈಪಿನಿಂದ ಘೋಷಣೆ ಮಾಡಿದ ಕೂಡಲೇ ಅಪ್‌ಡೇಟ್ ಫಂಕ್ಷನ್ನಿನಾಗೂ ಒಂದು ತಪ್ಪು ಸಿಕ್ತು: ಉದ್ದಕ್ಕ ಸೈಜ್_ಟಿ ಬದಲಿ ಇಂಟ್ ಇತ್ತು.

ಕೃಷ್ಣೆ_ಕಡೆ, ಯಾದಗಿರಿ

ಇದೇ ಜಾತಿದು ಒಂದು ಕೇಳ್ತೀನಿ ಅಣ್ಣಾ. ನನ್ನ ಪ್ರೊವೈಡರ್ ಲೋಡ್ ಆಗ್ತದ, 'ಲಿಸ್ಟ್ ಪ್ರೊವೈಡರ್ಸ್' ಕೊಟ್ಟ ಕೂಡಲೇ ಸೆಗ್‌ಫಾಲ್ಟ್. ಹೆಸರನ್ನ ಸ್ಟ್ರಿಂಗ್‌ಕಾಪಿ ಮಾಡಿ ಡೇಟಾಕ್ಕ ಹಾಕೀನಿ.

ಬಿದರಿ_ಬೈಟ್, ಬೀದರ್

ಆ ಕಮಾಂಡ್ ಕೇಳೋದು ಯುಟಿಎಫ್8_ಪಿಟಿಆರ್ ಟೈಪ್, ಯುಟಿಎಫ್8_ಸ್ಟ್ರಿಂಗ್ ಅಲ್ಲಪ್ಪ. ಪಿಟಿಆರ್ ಇದ್ದಾಗ ಡೇಟಾ ತೋರಿಸೋದು 8 ಬೈಟಿನ ಒಂದು ಪಾಯಿಂಟರಿನ ಜಾಗ. ಅಲ್ಲಿ ನೀ ಹೆಸರೇ ಬರೆದ್ರ ಅದರ ಅಕ್ಷರಗಳನ್ನ ಓದುವವ ವಿಳಾಸ ಅಂತ ತಿಳ್ಕೋತಾನ, ಅಲ್ಲಿಗೆ ಹೋಗಿ ಬೀಳ್ತಾನ. ಒಎಸ್‌ಎಸ್‌ಎಲ್_ಪ್ಯಾರಮ್_ಸೆಟ್_ಯುಟಿಎಫ್8_ಪಿಟಿಆರ್ ಬಳಸು, ಹೆಸರಿನ ಸ್ಟ್ರಿಂಗ್ ಸ್ಟ್ಯಾಟಿಕ್ ಇರಲಿ. ಫಂಕ್ಷನ್ ಒಳಗಿನ ಲೋಕಲ್ ಬಫರ್ ಕೊಟ್ರ ಒಮ್ಮೆ ಸರಿ, ಒಮ್ಮೆ ಕಸ ಕಾಣ್ತದ.