ಅಜ್ಜನ ಮನೆ ಗುಂಪಿನಲ್ಲಿ ದೊಡ್ಡ ಮಾವನ ಫಾರ್ವರ್ಡ್

ದೊಡ್ಡ ಮಾವ: (ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ) ಎಚ್‌ಐವಿಗೆ ಮದ್ದು ನಮ್ಮ ದೇಹದಲ್ಲೇ ಉಂಟು! ಅಮೃತಬಳ್ಳಿ ಕಷಾಯ ಕುಡಿದರೆ ಸೈಟೊಕೈನ್ ಹೆಚ್ಚುತ್ತದೆ. ಸೈಟೊಕೈನ್ ಹೆಚ್ಚಿದರೆ ವೈರಸ್ ತಾನಾಗಿ ಸಾಯುತ್ತದೆ. ಮಾತ್ರೆ ಕಂಪನಿಗಳು ಇದನ್ನು ಮುಚ್ಚಿಡುತ್ತಿವೆ. ಹತ್ತು ಜನರಿಗೆ ಕಳಿಸಿ.

ಚಿಕ್ಕಮ್ಮ: ಒಳ್ಳೆ ಮಾಹಿತಿ ಅಣ್ಣ. ನಮ್ಮ ಹಿತ್ತಲಲ್ಲಿ ಬೇಕಾದಷ್ಟು ಬಳ್ಳಿ ಉಂಟು.

ರಶ್ಮಿ ಅಕ್ಕ: ಮಾವ, ಕಷಾಯ ಕುಡಿಯುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಸೈಟೊಕೈನ್ ಸಾಲು ಪೂರಾ ತಪ್ಪು. ಅದು ಒಂದೇ ಸಾಮಾನು ಅಲ್ಲ. ರಕ್ಷಣಾ ಕೋಶಗಳು ಒಂದಕ್ಕೊಂದು ಕಳಿಸುವ ಸಂದೇಶಗಳು, ಹತ್ತಾರು ಬಗೆ. ಕೆಲವು ವೈರಸ್ಸಿಗೆ ಅಡ್ಡ ನಿಲ್ಲುತ್ತವೆ. ಕೆಲವು ಅದಕ್ಕೇ ಊಟ ಬಡಿಸುತ್ತವೆ.

ದೊಡ್ಡ ಮಾವ: ನಮ್ಮ ದೇಹವೇ ವೈರಿಗೆ ಊಟ ಹಾಕುತ್ತದಾ? ಎಂತ ಮಾತು ಮಾರಾಯ್ತಿ.

ರಶ್ಮಿ ಅಕ್ಕ: ಹಾಕುತ್ತದೆ ಮಾವ. ಎಚ್‌ಐವಿ ಹೊಕ್ಕುವುದೇ ಸಿಡಿ4 ಕೋಶಕ್ಕೆ, ಅಂದರೆ ಕಾವಲು ಪಡೆಗೆ. ಹೋಗಿ ತನ್ನ ಜೀನ್‌ಗಳನ್ನು ಕೋಶದ ಡಿಎನ್‌ಎಗೆ ಸೇರಿಸಿಬಿಡುತ್ತದೆ. ಅದಕ್ಕೆ ಸ್ವಂತ ಅಡುಗೆಮನೆ ಇಲ್ಲ. ಕೋಶ ಮಲಗಿದ್ದರೆ ಒಲೆ ಆರಿದ ಹಾಗೆ. ವೈರಸ್ಸೂ ಸುಮ್ನೆ ಬಿದ್ದಿರುತ್ತದೆ. ಈಗ ಟಿಎನ್‌ಎಫ್ ಎಂಬ ಸೈಟೊಕೈನ್ ಬಂದು ಕೋಶವನ್ನು ಎಬ್ಬಿಸಿತು ಅಂತ ಇಟ್ಟುಕೊಳ್ಳಿ. ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನ್ ಕೋಶಕೇಂದ್ರಕ್ಕೆ ಓಡುತ್ತದೆ, ಹೋರಾಟಕ್ಕೆ ಬೇಕಾದ ಜೀನ್‌ಗಳನ್ನು ಚಾಲೂ ಮಾಡುತ್ತದೆ. ವೈರಸ್ಸಿನ ಜೀನ್‌ಗಳ ಮುಂದೆಯೂ ಅದೇ ಪ್ರೋಟೀನ್ ಕೂರುವ ಜಾಗ ಉಂಟು. ಒಂದೇ ಒಲೆ, ಎರಡು ಪಾತ್ರೆ.

ಪ್ರಸಾದ: ನಾವು ಬೆಂಕಿ ಜಾಸ್ತಿ ಮಾಡಿದಷ್ಟೂ ಅದರದ್ದೂ ಬೇಯುತ್ತದೆ!

ರಶ್ಮಿ ಅಕ್ಕ: ಅದೇ. ಎಚ್‌ಐವಿ ಇದ್ದವರಿಗೆ ಕ್ಷಯ ಬಂದರೆ ವೈರಸ್ ಏರುವುದಕ್ಕೆ ಇದೂ ಒಂದು ಕಾರಣ. ಕ್ಷಯದ ಜೊತೆ ಹೋರಾಡಲು ದೇಹ ಟಿಎನ್‌ಎಫ್ ಸುರಿಸುತ್ತದಲ್ಲ.

ದೊಡ್ಡ ಮಾವ: ಹಾಗಾದರೆ ಒಳ್ಳೇದು ಮಾತ್ರ ಕೊಟ್ಟರಾಯ್ತು. ನಾನೂ ಗೂಗಲ್ ನೋಡಿದೆ. ಇಂಟರ್‌ಫೆರಾನ್ ವೈರಸ್ಸನ್ನು ತಡೆಯುತ್ತದೆ ಅಂತ ಉಂಟು. ಈಗ ಎಂತ ಹೇಳ್ತೀ?

ರಶ್ಮಿ ಅಕ್ಕ: ಸರಿಯಾದದ್ದನ್ನೇ ಹಿಡಿದಿದ್ದೀರಿ. ಇಂಟರ್‌ಫೆರಾನ್ ಬಂದರೆ ಕೋಶ ಟೆಥರಿನ್ ಎಂಬ ಪ್ರೋಟೀನ್ ಜಾಸ್ತಿ ಮಾಡುತ್ತದೆ. ಹೊರಗೆ ಹೊರಟ ಹೊಸ ವೈರಸ್ಸನ್ನು ಅದು ಕೋಶದ ಮೈಗೇ ಕಟ್ಟಿಹಾಕುತ್ತದೆ, ಕರುವನ್ನು ಗೂಟಕ್ಕೆ ಕಟ್ಟಿದ ಹಾಗೆ. ವೈರಸ್ಸೂ ಕಡಿಮೆ ಇಲ್ಲ, ವಿಪಿಯು ಎಂಬ ತನ್ನ ಪ್ರೋಟೀನ್ ಬಿಟ್ಟು ಆ ಹಗ್ಗವನ್ನೇ ತೆಗೆಸುತ್ತದೆ. 2014ರಲ್ಲಿ ಮಂಗಗಳ ಮೇಲಿನ ಪ್ರಯೋಗ ಒಂದು ಬಂತು. ಎಚ್‌ಐವಿಯ ದಾಯಾದಿ ವೈರಸ್, ಎಸ್‌ಐವಿ. ಮೊದಮೊದಲು ಇಂಟರ್‌ಫೆರಾನ್ ಸೋಂಕನ್ನು ತಡೆಯಿತು. ಕೊಡುತ್ತಲೇ ಹೋದಾಗ ಕೋಶಗಳು ಅದಕ್ಕೆ ಕಿವಿ ಕೊಡುವುದನ್ನೇ ಬಿಟ್ಟವು. ಸಿಡಿ4 ಬೇಗ ಬೇಗ ಇಳಿಯಿತು.

ಚಿಕ್ಕಮ್ಮ: ಅಲಾರಂ ಹತ್ತು ಸಲ ಹೊಡೆದರೂ ನಮ್ಮ ಮನೆಯವರು ಏಳುವುದಿಲ್ಲ, ಹಾಗೆ.

ದೊಡ್ಡ ಮಾವ: ಸಿಡಿ4 ಸಂಖ್ಯೆಯನ್ನೇ ಏರಿಸಿದರೆ?

ರಶ್ಮಿ ಅಕ್ಕ: ಅದನ್ನೂ ಮಾಡಿ ನೋಡಿದ್ದಾರೆ. ಇಂಟರ್‌ಲ್ಯೂಕಿನ್-2 ಅಂತ, ಸಿಡಿ4 ಕೋಶಗಳನ್ನು ಹೆಚ್ಚಿಸುವ ಇನ್ನೊಂದು ಸೈಟೊಕೈನ್. ಎರಡು ಪ್ರಯೋಗ ಸೇರಿ 5,800ಕ್ಕೂ ಜಾಸ್ತಿ ಜನ. ಅರ್ಧದಷ್ಟು ಜನರಿಗೆ ಎಚ್‌ಐವಿ ಮಾತ್ರೆಯ ಜೊತೆ ಇದನ್ನೂ ಕೊಟ್ಟರು. 2009ರಲ್ಲಿ ಫಲಿತಾಂಶ ಬಂತು. ಸಂಖ್ಯೆ ಏರಿತು, ಕಾಯಿಲೆ-ಸಾವು ಇಳಿಯಲಿಲ್ಲ.

ಪ್ರಸಾದ: ಮಾವ ಮೂರು ಸಲ ಔಟ್.

ದೊಡ್ಡ ಮಾವ: ನೀನು ಸುಮ್ಮನಿರು. ಕಂಪನಿಯವರು ಮುಚ್ಚಿಡುವುದು ಸುಳ್ಳಾ ಹಾಗಾದರೆ?

ರಶ್ಮಿ ಅಕ್ಕ: ಈ ವಿಷಯದಲ್ಲಿ ಸುಳ್ಳೇ. 1995ರಲ್ಲಿ ಗ್ಯಾಲೊ, ಲುಸ್ಸೊ ಎಂಬ ವಿಜ್ಞಾನಿಗಳ ತಂಡದವರು ರಾಂಟೆಸ್ ಎಂಬ ಸೈಟೊಕೈನ್ ಮತ್ತೆ ಅದರ ಜೊತೆಯ ಎರಡು ಸಂದೇಶಗಳು ಎಚ್‌ಐವಿಯನ್ನು ತಡೆಯುತ್ತವೆ ಅಂತ ಪ್ರಕಟಿಸಿದರು. ಯಾಕೆ ಅಂತ ಮರುವರ್ಷ ಗೊತ್ತಾಯ್ತು. ವೈರಸ್ ಒಳಗೆ ಬರುವ ಬಾಗಿಲು, ಸಿಸಿಆರ್5, ಈ ಸಂದೇಶಗಳು ಕೂರುವ ಜಾಗವೇ. ಆ ಬಾಗಿಲನ್ನು ಮುಚ್ಚುವ ಮಾತ್ರೆ, ಮರಾವಿರಾಕ್, 2007ರಲ್ಲಿ ಬಂತು. ಮುಚ್ಚಿಡುವುದು ಎಲ್ಲಿಂದ ಬಂತು, ಅದನ್ನೇ ಮಾತ್ರೆ ಮಾಡಿ ಮಾರಿದ್ದಾರೆ.

ಚಿಕ್ಕಮ್ಮ: ಹಾಗಾದರೆ ಈ ಮೆಸೇಜು ಓದಿ ಮಾತ್ರೆ ಬಿಟ್ಟರೆ ಕಷ್ಟ ಅಲ್ವಾ?

ರಶ್ಮಿ ಅಕ್ಕ: ನನಗೆ ಅದೇ ಹೆದರಿಕೆ ಚಿಕ್ಕಮ್ಮ. ಮಲಗಿದ ಕೋಶಗಳಲ್ಲಿ ವೈರಸ್ ಅಡಗಿಯೇ ಇರುತ್ತದೆ. ಮಾತ್ರೆ ನಿಲ್ಲಿಸಿದರೆ ಹೆಚ್ಚಿನವರಲ್ಲಿ ಕೆಲವೇ ವಾರಗಳಲ್ಲಿ ಮತ್ತೆ ಏಳುತ್ತದೆ. ಸರಕಾರಿ ಎಆರ್‌ಟಿ ಕೇಂದ್ರದಲ್ಲಿ, ಅಂದರೆ ಎಚ್‌ಐವಿ ಚಿಕಿತ್ಸೆಯ ಕೇಂದ್ರದಲ್ಲಿ, ಪುಕ್ಕಟೆ ಸಿಗುವ ಮಾತ್ರೆ ಅದು.

ದೊಡ್ಡ ಮಾವ: ಆಯ್ತು, ಇಲ್ಲಿಂದ ತೆಗೆಯುತ್ತೇನೆ. ಎಲ್ಲಿ ಒತ್ತುವುದು?

ಪ್ರಸಾದ: ಮೆಸೇಜನ್ನು ಒತ್ತಿ ಹಿಡಿಯಿರಿ ಮಾವ. ‘ಎಲ್ಲರಿಗೂ ಅಳಿಸಿ’ ಅಂತ ಬರುತ್ತದೆ.

(ಈ ಸಂದೇಶವನ್ನು ಅಳಿಸಲಾಗಿದೆ)

ದೊಡ್ಡ ಮಾವ: ದೇವಸ್ಥಾನದ ಗುಂಪಿಗೂ ಬೆಳಿಗ್ಗೆ ಹಾಕಿದ್ದೆ. ಅಲ್ಲಿ ಆಗಲೇ ಹದಿನೇಳು ಜನ ಕೈ ಮುಗಿದಿದ್ದಾರೆ. ಅವರಿಗೆಲ್ಲ ಎಂತ ಹೇಳುವುದು ರಶ್ಮಿ?